ಜೀರೋ ಬಲ್ಬಿನ ಲೆಕ್ಕ

ಪೆನ್ಷನ್ ಮೊಹಲ್ಲಾದ ಈ ವಠಾರದಲ್ಲಿ
ನಾಲ್ಕು ಮನೆ, ನಾಲ್ಕು ಸಬ್‌ಮೀಟರು.
ಸರ್ಕಾರದ ಪುಕ್ಕಟೆ ಯೂನಿಟ್ಟು
ಗೌರಾಂಬಿಕಮ್ಮನವರ ದೊಡ್ಡ ಮೀಟರಿಗೆ;
ನಮಗೆ ಯೂನಿಟ್ಟಿಗೆ ಎಂಟು ರೂಪಾಯಿ,
ಐದನೇ ತಾರೀಕು, ಚಿಲ್ಲರೆ ಸಮೇತ.

ನಾನು ಸೀರೆಗೆ ಕುಚ್ಚು ಕಟ್ಟುವವಳು.
ಹಗಲು ನೀರು, ಒಲೆ, ಮಗಳ ಡಬ್ಬಿ.
ದಾರ ಕೈಗೆ ಬರುವುದು ರಾತ್ರಿ ಒಂಬತ್ತರ ಮೇಲೆ,
ಅರವತ್ತು ವ್ಯಾಟಿನ ಹಳೇ ಬಲ್ಬಿನ ಕೆಳಗೆ.
ಆ ಬಲ್ಬಿಗೆ ಮರೂನೂ ಒಂದೇ, ಕಾಫಿಪುಡಿ ಬಣ್ಣವೂ ಒಂದೇ.
ಸಾಲಗಾಮೆ ರಸ್ತೆಯ ಮದುವೆಮನೆ ಸೀರೆಗೆ
ತಪ್ಪು ಬಣ್ಣದಲ್ಲಿ ಸೆರಗು ಪೂರಾ ಕಟ್ಟಿ
ಬೆಳಗಿನ ಬಿಸಿಲಿಗೆ ಹಿಡಿದಾಗ ಎದೆ ಧಸಕ್ಕೆಂದಿತು.
ಬಿಚ್ಚಿದೆ. ಬಿಚ್ಚುವುದಕ್ಕೆ ಕೂಲಿ ಇಲ್ಲ,
ಕರೆಂಟಿಗೆ ಮಾತ್ರ ಎರಡು ಸಲ ದುಡ್ಡು.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ಇಮ್ತಿಯಾಜ್ ಡಬ್ಬ ತಿರುಗಿಸಿ ತೋರಿಸಿದ:
"ಅಕ್ಕಾ, ವ್ಯಾಟ್ ಅಂದ್ರೆ ತಿನ್ನೋ ಲೆಕ್ಕ,
ಲ್ಯೂಮೆನ್ ಅಂದ್ರೆ ದುಡಿಯೋ ಲೆಕ್ಕ.
ಆಳು ಇಡೋವಾಗ ಎರಡೂ ಕೇಳ್ತೀರಲ್ಲ, ಹಂಗೆ."
ಒಂಬತ್ತು ತಿಂದು ಅರವತ್ತರ ಕೆಲಸ ಮಾಡುವ ಆಳು!
ಚೀಲದಿಂದ ಎರಡು ದಾರದುಂಡೆ ತೆಗೆದು
ಹಳದಿ ಬೆಳಕಿಗೊಮ್ಮೆ, ಬಿಳಿ ಬೆಳಕಿಗೊಮ್ಮೆ ಹಿಡಿದೆ.
ಅವನು ನಕ್ಕ. ಬಿಳಿಯದರಲ್ಲಿ
ಅಕ್ಕ ತಂಗಿ ಬೇರೆ ಬೇರೆ ನಿಂತರು.
ನೂರಾ ಹತ್ತು ಅಂದ; ತೊಂಬತ್ತೈದು ಕೊಟ್ಟು ಬಂದೆ.
(ಹಾಸನದ ಚಳಿಗೆ ಬೆರಳು ಬಗ್ಗದ ರಾತ್ರಿ
ಹಳೇ ಬಲ್ಬಿಗೆ ಕೈ ಕಾಯಿಸಿಕೊಂಡದ್ದೂ ಉಂಟು.
ಇದು ಅದನ್ನು ಮಾಡದು. ಇರಲಿ.)

ಮೀಟರಿನ ಕೆಂಪು ಚುಕ್ಕಿ
ಮೂರು ಸಾವಿರದ ಇನ್ನೂರು ಸಲ ಮಿಟುಕಿದರೆ ಒಂದು ಯೂನಿಟ್ಟು.
ಹೇಳಿಕೊಟ್ಟವರು ನಮ್ಮೆಜಮಾನ್ರು,
ಕಂಬ ಹತ್ತುವ ಗ್ಯಾಂಗಿನವರು.
ಒಂದು ರಾತ್ರಿ ಎಲ್ಲ ಆರಿಸಿ, ಒಂದೊಂದೇ ಹಾಕಿ ಎಣಿಸಿದೆ.
ಹಳೆಯದಕ್ಕೆ ಹತ್ತೊಂಬತ್ತು ಅನ್ನುವಷ್ಟರಲ್ಲಿ ಮಿಟುಕು.
ಹೊಸದಕ್ಕೆ ನೂರಾ ಇಪ್ಪತ್ತು ದಾಟಬೇಕು,
ನಡುವೆ ಒಂದು ಆಕಳಿಕೆಗೂ ಬಿಡುವು.
ಅದನ್ನೂ ಆರಿಸಿದೆ. ಉಳಿದದ್ದು
ಹಾಸಿಗೆಯ ತಲೆದೆಸೆಯ ಜೀರೋ ಬಲ್ಬು.
ಜೀರೋ ತಾನೆ, ಮಿಟುಕದು ಅಂದುಕೊಂಡು
ಏಳುವುದರಲ್ಲಿದ್ದೆ. ಎಪ್ಪತ್ತೈದಕ್ಕೆ
ಕಣ್ಣು ಹೊಡೆಯಿತು.

ಸೊನ್ನೆ ಅಂತ ಹೆಸರಿಟ್ಟುಕೊಂಡು
ಹದಿನೈದು ವ್ಯಾಟು ತಿನ್ನುವ ಕಳ್ಳ!
ರಾತ್ರಿಯಿಡೀ, ವರ್ಷಗಟ್ಟಲೆ,
ಒಂದು ಕುಚ್ಚೂ ಕಟ್ಟದೆ.
ಕ್ಯಾಲೆಂಡರಿನ ಬೆನ್ನಿಗೆ ಗುಣಿಸಿದೆ:
ತಿಂಗಳಿಗೆ ಮೂವತ್ತಾರು ರೂಪಾಯಿ,
ನನ್ನ ಬೆರಳುಗಳ ಒಂದು ಗಂಟೆ.
ಆರಿಸಿಬಿಟ್ಟೆ.

ಕತ್ತಲಲ್ಲಿ ಇವರ ಉಸಿರು ಬದಲಾಯಿತು.
ಎದ್ದು ಕೂತರು. ಗೋಡೆ ತಡವಿದರು,
ಸ್ವಿಚ್ಚಿಗಲ್ಲ, ಗೋಡೆ ಇದೆಯೇ ಎಂದು.
ಹನ್ನೊಂದು ಸಾವಿರ ವೋಲ್ಟಿನ ಕೆಳಗೆ
ಬೀಡಿ ಹಚ್ಚುವ ಮನುಷ್ಯ.
ನಿಂಗರಾಜಣ್ಣ ಕಂಬದ ಮೇಲಿದ್ದಾಗ
ಯಾರೋ ಲೈನು ಕೊಟ್ಟ ಆ ಸಂಜೆ
ಊರಿಗೆ ಊರೇ ಕತ್ತಲಾಗಿ
ಇವರು ಕಂಬದ ಬುಡದಲ್ಲಿ ನಿಂತು
ಮೇಲೆ ನೋಡದೆ ಹೆಸರು ಹಿಡಿದು ಕೂಗುತ್ತಿದ್ದರಂತೆ.
ನನಗೆ ಹೇಳಿದ್ದು ನಿಂಗರಾಜಣ್ಣನ ಹೆಂಡತಿ,
ಇವರಲ್ಲ.

"ಬಿಲ್ಲು ಜಾಸ್ತಿ ಬರುತ್ತೆ ಅಂತ..." ಎಂದೆ.
"ಜೀರೋ ಕಣೇ ಅದು. ಜೀರೋ ಅಂದ್ರೆ ಜೀರೋ."
ಲೈನಿನವರಿಗೆ ಗೊತ್ತಿಲ್ಲದ ಮಾತೇ?
ಹಾಕಿದೆ.

ಮರುದಿನ ಮತ್ತೆ ಅದೇ ಓಣಿ.
ಅರ್ಧ ವ್ಯಾಟಿನದು: ಕೆಂಪು, ಹಸಿರು, ನೀಲಿ ಗಾಜಿನ ಮೇಲೆ ಉರುಳಿಸಿದ.
"ಯಾವ ರೂಮಿಗಕ್ಕಾ?"
"ಗೋಡೆ ಗೋಡೆ ಅಂತ ಗುರುತು ಸಿಗಬೇಕು, ಅಷ್ಟೆ."
ಅವನು ಈ ಸಲ ನಗಲಿಲ್ಲ, ಒಳಗಿಂದ
ಅರಿಸಿನದ ಬಣ್ಣದ್ದೊಂದು ತಂದುಕೊಟ್ಟ.

ಇವರಿಗೆ ಹೇಳಿಲ್ಲ. ಅದೇ ಹೋಲ್ಡರು, ಅದೇ ಹೆಸರು.
ದಾರ ಸುತ್ತಿಟ್ಟು, ದೊಡ್ಡ ದೀಪ ಆರಿಸಿ
ಮೀಟರಿನ ಮುಂದೆ ಕೂರುತ್ತೇನೆ.
ನೂರು. ಇನ್ನೂರು. ಮುನ್ನೂರ ಎಷ್ಟೋ.
ಮಿಟುಕುತ್ತದೋ ಇಲ್ಲವೋ, ಒಂದು ದಿನವೂ ಕಂಡಿಲ್ಲ.
ಅಷ್ಟರಲ್ಲಿ ಒಳಗಿಂದ ಗೊರಕೆ,
ಲೆಕ್ಕ ತಪ್ಪುತ್ತದೆ.